ಕಡೆಯುವ ಕಲ್ಲಿಲ್ಲದ ಅಡುಗೆಮನೆ

ಆ ಅಡುಗೆಮನೆಯಲ್ಲಿ ಕಡೆಯುವ ಕಲ್ಲು ಇರಲಿಲ್ಲ.

ಒಲೆ ಇತ್ತು, ಒಲೆಯ ಮೇಲೆ ಅಟ್ಟ ಇತ್ತು, ಅಟ್ಟದಲ್ಲಿ ಹೊಗೆ ಹಿಡಿದ ಹುಣಸೆಹಣ್ಣಿನ ಉಂಡೆಗಳಿದ್ದವು. ಮೂಲೆಯಲ್ಲಿ ಮೆಟ್ಟುಕತ್ತಿ, ಗೋಡೆಗೆ ಒರಗಿಸಿದ ಮಣೆಗಳು. ಕಲ್ಲು ಮಾತ್ರ ಇಲ್ಲ. ಕಿಟಿಕಿಯ ಎದುರು ತುಸು ನಡುವಿಗೆ, ಎಲ್ಲರ ಮನೆಯಲ್ಲೂ ಕಲ್ಲು ಇರುವ ಜಾಗದಲ್ಲಿ, ನೆಲದ ಮೇಲೊಂದು ದುಂಡಗಿನ ಗುರುತಿತ್ತು. ಸೆಗಣಿ ಸಾರಿಸಿ ಸಾರಿಸಿ ಅದನ್ನು ಮುಚ್ಚಿದ್ದರು. ಆದರೂ ಆ ಜಾಗ ತಟ್ಟೆಯ ನಡುವಿನಂತೆ ಸ್ವಲ್ಪ ತಗ್ಗಿತ್ತು.

“ಕಲ್ಲು ಹೊರಗುಂಟು ತಂಗೀ, ಬಚ್ಚಲಿನ ಹತ್ರ,” ಎಂದರು ಅಮ್ಮಣ್ಣಿಯಕ್ಕ. “ಎಲ್ಲ ನನ್ನ ತಮ್ಮನ ಉಪದ್ರ. ಒಳಗೆ ಕಡೆದರೆ ಅವನಿಗೆ ತಲೆನೋವು ಬರ್ತದಂತೆ. ಮಳೆಗಾಲದಲ್ಲಿ ನಾನು ತಲೆಗೆ ಓಲೆಯ ಗೊರಬೆ ಹಾಕ್ಕೊಂಡು ಕೂತು ಕಡೀಬೇಕು, ಅವನ ಮಂಡೆ ತಂಪಾಗಿರ್ಲಿಕ್ಕೆ!”

ನಾನು ನಕ್ಕೆ. ಅವರ ತಮ್ಮ ಮುದ್ದಣ್ಣನವರೇ ನಮಗೆ ಈ ಮನೆ ಮಾರಲು ಹೊರಟವರು. ಹೆಂಡತಿ ತೀರಿಕೊಂಡ ಮೇಲೆ ಅವರು ಅಕ್ಕನ ಜೊತೆಯಲ್ಲೇ ಇದ್ದರು. ನಮ್ಮಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವುದಾದ್ದರಿಂದ ಮನೆ ಲೆಕ್ಕದಲ್ಲಿ ಅಮ್ಮಣ್ಣಿಯಕ್ಕನದು, ಯಜಮಾನಿಕೆ ತಮ್ಮನದು. ಇದನ್ನು ಮಾರಿ ಮುಳ್ಳೇರಿಯದಲ್ಲಿರುವ ತಂಗಿಯ ಮನೆಗೆ ಇಬ್ಬರೂ ಹೋಗುವುದೆಂದು ಮುದ್ದಣ್ಣನವರು ಹೇಳಿದ್ದರು. ಅಕ್ಕನಿಗೆ ಅಷ್ಟೇನೂ ಮನಸ್ಸಿಲ್ಲ ಎಂಬುದು ಅವರು ಅಟ್ಟದ ಹುಣಸೆಹಣ್ಣನ್ನು ನನಗೆ ತೋರಿಸಿದ ರೀತಿಯಲ್ಲೇ ತಿಳಿಯುತ್ತಿತ್ತು.

ನಾವು ಆ ದಿನ ಹೋದದ್ದು ಒಂದು ಹೊತ್ತಿನ ಅಡುಗೆ ಮಾಡಲು. ಇದು ನನ್ನ ತಾಯಿಮನೆಯ ಪದ್ಧತಿ. ಮನೆ ಕೊಳ್ಳುವ ಮಾತಾದ ಮೇಲೆ, ರಿಜಿಸ್ಟ್ರಿಗೆ ಮೊದಲು, ಕೊಳ್ಳುವವರ ಮನೆಯ ಹೆಂಗಸು ತನ್ನದೇ ಅಕ್ಕಿ, ಕಾಯಿ ಕೊಂಡುಹೋಗಿ ಆ ಒಲೆಯಲ್ಲಿ ಒಮ್ಮೆ ಬೇಯಿಸಬೇಕು. ಆಮೇಲೆ ಎರಡೂ ಕಡೆಯವರು ಕೂತು ಉಣ್ಣಬೇಕು. ಮಾರುವವರು ಬೇಡವೆನ್ನುವಂತಿಲ್ಲ. “ಗಂಡಸರು ಮಾಡಿನ ಪಕ್ಕಾಸು ನೋಡ್ತಾರೆ, ಗಡಿಕಲ್ಲು ನೋಡ್ತಾರೆ, ತೀರ್ವೆ ಕಟ್ಟಿದ್ದು ನೋಡ್ತಾರೆ,” ಎನ್ನುತ್ತಿದ್ದರು ನನ್ನ ಅಮ್ಮ. “ಆ ಮನೆಯಲ್ಲಿ ದಿನ ಕಳೆಯುವವಳು ನೀನು. ಹೊಗೆ ಯಾವ ಕಡೆ ಹೋಗ್ತದೆ, ನೀರು ಎಷ್ಟು ದೂರ, ಗೋಡೆಯಲ್ಲಿ ಎಂಥ ಬಿಲ ಉಂಟು, ಒಂದು ಗಂಜಿ ಬೇಯುವಷ್ಟರಲ್ಲಿ ಎಲ್ಲ ಗೊತ್ತಾಗ್ತದೆ. ಬೇಯಿಸದೆ ಹೂಂ ಅನ್ನಬೇಡ.”

ಬೇಸಗೆಯಲ್ಲೇ ನೋಡಬೇಕೆಂದೂ ಅಮ್ಮ ಹೇಳಿದ್ದರು. ಮಳೆಗಾಲದಲ್ಲಿ ಎಲ್ಲ ಮನೆಯಲ್ಲೂ ನೀರಿರುತ್ತದೆ. ಪಗ್ಗು ತಿಂಗಳ ಸುಡುಬೇಸಗೆಯಲ್ಲಿ ಇದ್ದರೆ ಮಾತ್ರ ಅದು ನೀರು. ಅದಕ್ಕೇ ನಾವು ಆ ಉರಿಬಿಸಿಲಿನಲ್ಲಿ ಉಪ್ಪಳದಿಂದ ರೈಲಿನಲ್ಲಿ ಕುಂಬಳೆಗೆ ಬಂದು, ಅನಂತಪುರದ ಬೋಳು ಗುಡ್ಡ ಹತ್ತಿ, ಅದರ ಆಚೆ ಮಗ್ಗುಲಿಗೆ ಇಳಿದಿದ್ದೆವು. ನಮ್ಮವರು ಲೋಕನಾಥರು ಅಕ್ಕಿಯ ಗಂಟು ಹೊತ್ತಿದ್ದರು. ನಾಲ್ಕು ವರ್ಷದ ಮಗಳು ಕಿನ್ನಿ ನನ್ನ ಸೊಂಟದಲ್ಲಿದ್ದಳು.

ಮನೆ ನಮಗೆ ಬೇಕೇ ಬೇಕಿತ್ತು. ಉಪ್ಪಳದಲ್ಲಿ ರೈಲುಹಳಿಯ ಪಕ್ಕದ ಬಾಡಿಗೆ ಮನೆಯ ಗೋಡೆ ವರ್ಷವಿಡೀ ಬೆವರುತ್ತಿತ್ತು. ಆ ತಂಡಿಗೆ ಕಿನ್ನಿಯ ಕೆಮ್ಮು ಬಿಟ್ಟದ್ದೇ ಇಲ್ಲ. ನಮ್ಮವರು ಕುಂಬಳೆ ಪೇಟೆಯಲ್ಲಿ ಜವಳಿ ಅಂಗಡಿ ತೆರೆಯುವವರಿದ್ದರು. ಇಲ್ಲಿ ಗಾಳಿ ಒಣಗಿದ್ದು, ನೆಲ ಎತ್ತರದ್ದು. ಸುತ್ತಲಿನ ಬಾವಿಗಳ ತಳ ಕಾಣುತ್ತಿದ್ದಾಗಲೂ ಈ ಮನೆಯ ನೀರಿನ ಸುರಂಗದಲ್ಲಿ ಕೈಗಾತ್ರದ ನೀರು ಸುರಿಯುತ್ತಿತ್ತು. ಮುದ್ದಣ್ಣನವರೂ ನಮ್ಮವರೂ ವೀಳ್ಯ ಬದಲಾಯಿಸಿ ಮಾತು ಮುಗಿಸಿಯೂ ಆಗಿತ್ತು. ಸೋಮವಾರ ಕಾಸರಗೋಡಿನಲ್ಲಿ ರಿಜಿಸ್ಟ್ರಿ.

ಒಲೆ ಹೊತ್ತಿಸಿ, ಕುಚ್ಚಲಕ್ಕಿ ತೊಳೆದು ಎಸರಿಗೆ ಹಾಕಿದೆ. ಹೊಗೆ ಚೆನ್ನಾಗಿ ಮೇಲಕ್ಕೆ ಹೋಯಿತು. ಮನಸ್ಸಿಗೆ ಸಮಾಧಾನವಾಯಿತು. ನೀರು ತುಂಬಿದ ತಾಮ್ರದ ಕೊಡವನ್ನು ಅಮ್ಮಣ್ಣಿಯಕ್ಕ ತಂದುಕೊಟ್ಟರು. ಅದನ್ನು ಅವರ ಕೈಯಿಂದ ತೆಗೆದುಕೊಂಡು ಕಿಟಿಕಿಯ ಎದುರು ಇಳಿಸಿದೆ. ಕೈ ಸೋತಿತ್ತು, ಕೊಡ ಸ್ವಲ್ಪ ಜೋರಾಗಿಯೇ ಕೂತಿತು.

ಧಂ ಎಂದಿತು.

ಕೊಡದ ಸದ್ದಲ್ಲ. ತಾಮ್ರದ ಸದ್ದು ನನಗೆ ಗೊತ್ತು. ಇದು ಕೆಳಗಿನಿಂದ ಬಂತು, ತುಂಬಿದ ಅಕ್ಕಿಮುಡಿಗೆ ಗುದ್ದಿದ ಹಾಗಲ್ಲ, ಮರದ ಖಾಲಿ ಪತ್ತಾಯಕ್ಕೆ ಗುದ್ದಿದ ಹಾಗೆ. ನಾನು ಕೈಯನ್ನು ಕೊಡದ ಕುತ್ತಿಗೆಯ ಮೇಲೇ ಇಟ್ಟುಕೊಂಡು ನಿಂತೆ. ಅಷ್ಟರಲ್ಲಿ ಕಿನ್ನಿ ಗೆಜ್ಜೆ ಕುಣಿಸುತ್ತ ಹೊರಗಿನಿಂದ ಓಡಿಬಂದು ನನ್ನ ಸೆರಗು ಹಿಡಿದಳು. ಕೊಡದ ಬಾಯಲ್ಲಿ ನೀರು ಉಂಗುರ ಉಂಗುರವಾಗಿ ನಡುಗಿತು.

“ಅಮ್ಮಾ, ನೀರಿಗೆ ಚಳಿ,” ಎಂದಳು ಕಿನ್ನಿ.

ನಾನು ಅವಳನ್ನು ಎತ್ತಿ ಜಗಲಿಗೆ ಬಂದೆ. ನಮ್ಮವರೂ ಮುದ್ದಣ್ಣನವರೂ ಎಲೆ ಅಡಕೆ ಹಾಕುತ್ತಿದ್ದರು. ನಮ್ಮವರನ್ನು ತುಸು ದೂರ ಕರೆದು ಹೇಳಿದೆ.

“ಹಳೆ ನೆಲ ಅಲ್ವಾ, ಇಲಿ ಕೊರೆದಿರ್ಬೇಕು,” ಎಂದರು ಅವರು. “ನಿನಗೆ ಎಲ್ಲದಕ್ಕೂ ಹೆದರಿಕೆ. ಉಪ್ಪಳದಲ್ಲಿ ರೈಲು ಹೋದರೆ ಪಾತ್ರೆ ಪಗಡಿ ಎಲ್ಲ ಕುಣೀತದೆ. ಅಲ್ಲಿ ಹೆದರಿಕೆ ಆಗುದಿಲ್ವಾ?”

“ಅಲ್ಲಿ ರೈಲು ಕಾಣ್ತದೆ,” ಎಂದೆ.

ಅವರಿಗೆ ನಗು ಬಂತು. ನನಗೆ ಬರಲಿಲ್ಲ.

ಒಳಗೆ ಹೋದಾಗ ಅಮ್ಮಣ್ಣಿಯಕ್ಕ ನಾನು ತಂದ ಕಾಯಿ ಕಡೆಯಲು ಹೊರಗೆ ಹೋಗಿದ್ದರು. ಬೆಂಕಿ ಸರಿಮಾಡುತ್ತಿದ್ದಾಗ ಮುದ್ದಣ್ಣನವರು ಬೀಡಿಗೆ ಕೆಂಡ ಬೇಕೆಂದು ಬಂದರು. ಬಾಗಿಲಿನಿಂದ ಒಲೆಗೆ ನೇರ ದಾರಿ ನಾಲ್ಕು ಹೆಜ್ಜೆ. ಅವರು ಹಾಗೆ ಬರಲಿಲ್ಲ. ಎಡಕ್ಕೆ ಹೊರಳಿ, ಗೋಡೆಗೆ ಭುಜ ತಾಗಿಸಿಕೊಂಡು, ಮಣೆಗಳ ಮುಂದಿನಿಂದ, ಮೆಟ್ಟುಕತ್ತಿಯನ್ನು ದಾಟಿ ಒಲೆಯ ಬಳಿ ಬಂದರು. ಮಲಗಿದ ಮಗುವನ್ನು ಎಬ್ಬಿಸದ ಹಾಗೆ ಕಾಲಿಡುತ್ತಿದ್ದರು. ಕೆಂಡ ಹಿಡಿದು ಹಾಗೆಯೇ ಹಿಂದೆ ಹೋದರು. ದಿನವೂ ನಡೆದು ರೂಢಿಯಾದ ದಾರಿ ಅದು. ಗೋಡೆಯ ಪಕ್ಕದಲ್ಲಿ ಸೆಗಣಿಯ ನೆಲ ಸವೆದು ಹೊಳೆಯುತ್ತಿತ್ತು.

ನಾನು ಊದುಗೊಳವೆಯನ್ನು ಕೆಳಗಿಟ್ಟು ಎದ್ದೆ.

ನೀರು ತರುವ ನೆಪದಲ್ಲಿ ಕಿನ್ನಿಯ ಕೈ ಹಿಡಿದು ಹಿತ್ತಿಲಿನ ಮೆಟ್ಟಿಲು ಇಳಿದೆ. ಮನೆ ಇರುವುದು ಗುಡ್ಡದ ಒಂದು ತಟ್ಟಿನಲ್ಲಿ. ಅದರ ಕೆಳಗಿನ ತಟ್ಟಿನಲ್ಲಿ ಸುರಂಗದ ಬಾಯಿ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ನೀರಿನ ದಾರಿಯನ್ನು ನಮ್ಮ ಕಡೆ ಸುರಂಗ ಎನ್ನುತ್ತಾರೆ. ಕಲ್ಲು ಗಟ್ಟಿಯಿದ್ದರೆ ಅಜ್ಜಂದಿರ ಕಾಲದ್ದೂ ಅಲುಗದೆ ನಿಂತಿರುತ್ತದೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಎರಡು ಭುಜ ಹಿಡಿಯುವಷ್ಟು ಅಗಲ. ಒಳಗಿನಿಂದ ಹರಿದು ಬಂದ ನೀರು ಮರದ ದಂಬೆಯಲ್ಲಿ ಇಳಿದು ಹೊಂಡಕ್ಕೆ ಬೀಳುತ್ತಿತ್ತು.

ಹೊಂಡದ ಬದಿಯಲ್ಲಿ ಒಬ್ಬಳು ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಅಕ್ಕು ಎಂದು ಹೆಸರು. ಕೆಳಗಿನ ಗದ್ದೆಯ ಹತ್ತಿರ ಅವಳ ಮನೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನೀವೇ ಅಲ್ವಾ ಹೊಸ ಮನೆಯವರು? ನೀರಿಗೆ ಬೇಲಿ ಹಾಕ್ಬೇಡಿ ಅಕ್ಕಾ. ಹಾಕಿದ್ರೆ ನಾನು ರಾತ್ರಿ ಬಂದು ನಿಮ್ಮ ಹರಿವೆ ಸೊಪ್ಪು ಕೀಳ್ತೇನೆ.”

“ನೀನು ಈಗಲೇ ಹೇಳಿ ಕೀಳುವವಳು, ಹೆದರ್ಲಿಕ್ಕೆ ಎಂತ ಉಂಟು?” ಎಂದೆ. ಅವಳು ನಕ್ಕಳು. ಕಿನ್ನಿಗೆ ಒಂದು ನೊರೆಯ ಗುಳ್ಳೆ ಊದಿ ಕೊಟ್ಟಳು.

“ನೀರು ಯಾವಾಗಲೂ ಇಷ್ಟೇ ಇರ್ತದಾ?” ಎಂದು ಕೇಳಿದೆ.

“ಎಲ್ಲಿ! ಬರ ಬಂದ ವರ್ಷ ಇದು ನಾಯಿ ನೆಕ್ಕಿದ ತಟ್ಟೆ ಹಾಗೆ ಒಣಗಿತ್ತು. ಆಮೇಲೆ ಯಜಮಾನರು ಆಳು ಹಾಕಿ ಒಳಗಿನಿಂದ ಇನ್ನೊಂದು ಕವಲು ತೆಗೆಸಿದ್ರು. ಹಸಿ ಮಣ್ಣು ಕಂಡ ಕಡೆ ಕೊರೆಯುದು. ನೀರು ಹೇಗೆ ಕರೀತದೋ ಹಾಗೆ ಹೋಗುದು. ಒಂದು ದಿನ ಬುಳಕ್ಕ ಅಂತ ಬಂತು ನೋಡಿ!”

“ಕವಲು ಯಾವ ಕಡೆಗೆ?”

“ನನಗೆಂತ ಗೊತ್ತು? ಆ ಕತ್ತಲೆಯಲ್ಲಿ ನನ್ನ ಮೂಗು ಯಾವ ಕಡೆ ಉಂಟು ಅಂತ ನನಗೇ ಗೊತ್ತಾಗ್ಲಿಕ್ಕಿಲ್ಲ. ಆಳುಗಳು ಮಾತ್ರ ಮಧ್ಯಾಹ್ನ ಗಂಜಿಗೆ ಹೊರಗೆ ಬಂದವರು, ‘ಒಳಗೆ ಮೀನು ಹುರಿದ ಪರಿಮಳ ಬರ್ತದೆ ಮಾರಾಯ್ತೀ’ ಅಂತಿದ್ರು. ಹಸಿವಿಗೆ ಎಲ್ಲರಿಗೂ ಬರ್ತದೆ ಅಂತ ನಾವು ನಗಾಡಿದ್ದು.”

ನಾನು ತಲೆ ಎತ್ತಿ ನೋಡಿದೆ. ಸುರಂಗದ ಬಾಯಿಯ ನೆತ್ತಿಯ ಮೇಲೆ ಹಿತ್ತಿಲು. ಅದರ ಬಲಕ್ಕೆ ಮನೆಯ ಹಿಂಬದಿ. ನಾನು ಹೊತ್ತಿಸಿದ ಒಲೆಯ ಹೊಗೆ ಹಂಚಿನ ಸಂದಿನಿಂದ ಎದ್ದು ನಿಧಾನವಾಗಿ ಹರಡುತ್ತಿತ್ತು.

ಕವಲು ಹೋದದ್ದು ಆ ಒಲೆಯ ಅಡಿಗೇ ಇರಬೇಕು. ಮೇಲೆ ಹೋಗಿ ಮುದ್ದಣ್ಣನವರನ್ನು ಕೇಳಬಹುದಿತ್ತು. ಇಲ್ಲ ಎಂದರೆ ಏನು ಮಾಡುವುದು? ನಮ್ಮವರು ಅವರ ಮಾತು ನಂಬುತ್ತಾರೆ, ನನ್ನದಕ್ಕೆ ಇಲಿ ಎನ್ನುತ್ತಾರೆ. ಸೋಮವಾರ ಸಹಿ ಬೀಳುತ್ತದೆ. ಆಮೇಲೆ ಆ ಕಿಟಿಕಿಯ ಎದುರು ನಾನು ಕಲ್ಲು ಹಾಕಿಸಿ ಕಡೆಯುತ್ತೇನೆ, ನನ್ನ ಪಕ್ಕದಲ್ಲಿ ಕಿನ್ನಿ ಆಡುತ್ತಾಳೆ. ಮಳೆಗಾಲ ಬರುತ್ತದೆ, ಗುಡ್ಡ ನೀರು ಕುಡಿಯುತ್ತದೆ.

“ಅಕ್ಕೂ, ನನಗೊಂದು ಉಪಕಾರ ಮಾಡ್ತೀಯಾ?” ಎಂದೆ. “ನಾನು ಒಳಗೆ ಹೋಗಿ ನೋಡ್ತೇನೆ. ನೀನು ಮೇಲೆ ಹೋಗಿ ಅಡುಗೆಮನೆಯಲ್ಲಿ ಕೂತು ನೆಲಕ್ಕೆ ಮೆಲ್ಲ ತಟ್ಟು. ಮಗು ಅಂಗಳದಲ್ಲಿರಲಿ.”

ಅವಳಿಗೆ ಕೂಡಲೇ ಅರ್ಥವಾಯಿತು. “ನಿಮ್ಮ ಮಗಳು ಅಂಗಳದಲ್ಲಿ, ನಾನು ಅಡುಗೆಮನೆಯಲ್ಲಿ. ಒಳ್ಳೆ ಲೆಕ್ಕ ಅಕ್ಕಾ ನಿಮ್ದು!”

ನನಗೆ ನಾಚಿಕೆಯಾಯಿತು. ಅವಳ ಮನೆಯಲ್ಲೂ ಮಕ್ಕಳಿರಬೇಕು. “ಬಾಗಿಲಿನ ಹೊರಗೇ ಕೂತ್ಕೊ. ಒನಕೆ ಒಳಗೆ ಚಾಚಿ ತುದಿಯಿಂದ ತಟ್ಟಿದ್ರೆ ಸಾಕು. ಹೊಸ್ತಿಲು ದಾಟ್ಬೇಡ,” ಎಂದೆ.

“ನೀವು ಒಳಗೆ ಹೋಗ್ಬೇಡಿ ಅಕ್ಕಾ. ಹೆಂಗಸರು ಹೋಗುದಿಲ್ಲ.”

“ಹೆಂಗಸರು ಮೇಲೆ ಬೇಯಿಸಬಹುದಾ?”

ಅವಳು ಸೀರೆ ಕೊಡವಿಕೊಂಡು ಎದ್ದಳು. ಬಚ್ಚಲಿನಲ್ಲಿದ್ದ ಚಿಮಿಣಿ ದೀಪ ಹೊತ್ತಿಸಿ ತಂದುಕೊಟ್ಟು, ಕಿನ್ನಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಕಿನ್ನಿ ಅವಳ ಭುಜದ ಮೇಲಿಂದ ನನಗೆ ಕೈ ಬೀಸಿದಳು.

ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ದೀಪ ಮುಂದೆ ಹಿಡಿದು, ತಲೆ ಬಗ್ಗಿಸಿ ಒಳಗೆ ಕಾಲಿಟ್ಟೆ. ನೀರು ಹಿಮದ ಹಾಗೆ ತಣ್ಣಗಿತ್ತು. ಹೊರಗಿನ ಬಿಸಿಲು ಬೆನ್ನಿನ ಮೇಲೆ ಸ್ವಲ್ಪ ಹೊತ್ತು ಇತ್ತು, ಆಮೇಲೆ ಅದೂ ಬಿಟ್ಟಿತು. ಬಾವಲಿಯೊಂದು ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಇಲ್ಲಿ ಗೋಡೆ ಕೆಂಪು ಮುರಕಲ್ಲು. ಪಿಕ್ಕಾಸಿನ ಗೆರೆಗಳು ಹೊಸದಾಗಿ ಕೊರೆದಷ್ಟು ಚೂಪು. ಕೈಯಿಂದ ಒತ್ತಿ ನೋಡಿದೆ. ಗಟ್ಟಿ. ದೇವರೇ, ಹೀಗೇ ಇರಲಿ ಎಂದುಕೊಂಡೆ. ಹೀಗೇ ಇದ್ದರೆ ಹೊರಗೆ ಹೋಗಿ ನಾನೇ ನಗುತ್ತೇನೆ, ನಮ್ಮವರು ವರ್ಷವಿಡೀ ತಮಾಷೆ ಮಾಡಲಿ.

ದಾರಿ ಎರಡಾಯಿತು. ಎಡದ್ದು ಒಣಗಿ ಮರಳು ಹೊದ್ದು ಮಲಗಿತ್ತು. ನೀರು ಬರುತ್ತಿದ್ದದ್ದು ಬಲದಿಂದ.

ಬಲಕ್ಕೆ ಹೊರಳಿದೆ. ಸ್ವಲ್ಪ ದೂರದಲ್ಲೇ ಗೋಡೆಯ ಬಣ್ಣ ಬದಲಾಯಿತು. ಕೆಂಪು ಹೋಗಿ ಹಳದಿ, ಆಮೇಲೆ ಬಿಳಿ ಬಿಳಿ. ಜೇಡಿಮಣ್ಣು. ಬೆರಳು ಒತ್ತಿದರೆ ಬೆಣ್ಣೆಗೆ ಹೋದ ಹಾಗೆ ಒಳಗೆ ಹೋಯಿತು. ಮೇಲ್ಭಾಗ ಕಮಾನಿನಂತೆ ಇರಲಿಲ್ಲ. ಅಲ್ಲಲ್ಲಿ ಗುಂಡಿ ಬಿದ್ದು ಎತ್ತರಕ್ಕೆ ಹೋಗಿತ್ತು. ಹಾಗೆ ಬಿದ್ದ ಮಣ್ಣಿನ ಹೆಂಟೆಗಳು ಕಾಲಿಗೆ ಸಿಕ್ಕುತ್ತಿದ್ದವು. ಯಾರೋ ಎಂದೋ ಆಸರೆಗೆ ನಿಲ್ಲಿಸಿದ ಕಂಬಗಳು ಕಪ್ಪಾಗಿ ಕೊಳೆತು ಒಂದಕ್ಕೊಂದು ಒರಗಿದ್ದವು. ದೀಪದ ಕುಡಿ ಸಣ್ಣಗಾಗಿ ಬಾಗಿತು. ಉಸಿರು ಸಾಲುತ್ತಿರಲಿಲ್ಲ, ಅದು ಗಾಳಿಯಿಲ್ಲದ್ದಕ್ಕೋ ಹೆದರಿಕೆಗೋ ತಿಳಿಯದು. ಹಿಂದೆ ಹೋಗು, ಹಿಂದೆ ಹೋಗು ಎಂದು ಮೈಯೆಲ್ಲ ಹೇಳುತ್ತಿತ್ತು. ತಿರುಗಲು ಅಲ್ಲಿ ಜಾಗವೂ ಇರಲಿಲ್ಲ.

ಆಗ ಕೇಳಿತು. ಟಕ್. ಟಕ್.

ಮುಂದಿನಿಂದ ಬರುತ್ತಿದೆ ಅನ್ನಿಸಿತು. ಎರಡು ಹೆಜ್ಜೆ ಇಟ್ಟೆ. ಟಕ್. ಈಗ ಮೇಲಿನಿಂದ. ಅಕ್ಕು ಮೆಲ್ಲಗೇ ತಟ್ಟುತ್ತಿದ್ದಳು, ಆದರೂ ಪಕ್ಕದ ಕೋಣೆಯ ಬಾಗಿಲು ತಟ್ಟಿದಷ್ಟು ಸ್ಪಷ್ಟ. ಗಂಜಿ ಉಕ್ಕಿ ಒಲೆಗೆ ಚೆಲ್ಲಿದ ಕಮಟು ವಾಸನೆಯೂ ತೆಳ್ಳಗೆ ಮೂಗಿಗೆ ಬಂತು. ನಾನೇ ಇಟ್ಟ ಗಂಜಿ.

ತಟ್ಟುವುದು ನಿಂತಿತು. ಬಳಿಕ ಬೇರೊಂದು ಸದ್ದು. ಸಣ್ಣದು, ಬೇಗ ಬೇಗ, ಗೆಜ್ಜೆಯ ಸಮೇತ.

ಕಿನ್ನಿ ಓಡುತ್ತಿದ್ದಳು. ನನ್ನ ತಲೆಯ ಮೇಲೆ ಓಡುತ್ತಿದ್ದಳು.

ಒಂದು ಹಿಡಿ ಮಣ್ಣು ನನ್ನ ಹಣೆಗೆ, ಕಣ್ಣಿಗೆ ಉದುರಿತು. ದೀಪ ಆರಿತು. ಕಿನ್ನೀ ಎಂದು ಕೂಗಲು ಬಾಯಿ ತೆರೆದೆ. ಕೂಗಿದರೆ ಆ ಸದ್ದಿಗೇ ಮೇಲಿನದು ಬಿದ್ದೀತು ಎಂದು ತೋರಿ ಬಾಯಿಗೆ ಸೆರಗು ಒತ್ತಿಕೊಂಡೆ. ಮಗಳ ಹೆಜ್ಜೆ ಆ ಕಡೆ ಹೋಯಿತು, ಈ ಕಡೆ ಬಂತು, ನಿಂತಿತು. ಪ್ರತಿ ಸಲವೂ ಮಣ್ಣು ಉದುರಿ ನೀರಿಗೆ ಬೀಳುವ ಸದ್ದು. ನಡೆಯಲು ಕಲಿತಂದಿನಿಂದ ಅವಳ ಕಾಲಸಪ್ಪಳಕ್ಕೆ ನನಗೆ ಹಿತವೇ ಆಗುತ್ತಿತ್ತು. ಅಂದು ಒಂದೊಂದು ಹೆಜ್ಜೆಗೂ ಇದೇ ಕೊನೆಯದಾಗಲಿ, ನಿಲ್ಲಲಿ, ನಿಲ್ಲಲಿ ಎಂದು ಬೇಡಿದೆ.

ಹಿಂದಕ್ಕೆ ಹಿಂದಕ್ಕೇ, ಎರಡೂ ಗೋಡೆಗೆ ಕೈ ಊರಿಕೊಂಡು ಬಂದೆ. ಕೈಯಿಟ್ಟಲ್ಲೆಲ್ಲ ಜೇಡಿ ಕಿತ್ತು ಬರುತ್ತಿತ್ತು. ಕವಲಿನ ಹತ್ತಿರ ಕಲ್ಲು ಸಿಕ್ಕಿದಾಗ ತಿರುಗಿ, ಬಿಸಿಲಿನ ಬೆಳಕು ಕಂಡ ಕಡೆಗೆ ಎದ್ದು ಬಿದ್ದು ಓಡಿದೆ.

ಮೆಟ್ಟಿಲು ಹತ್ತಿ ಹಿತ್ತಿಲ ಬಾಗಿಲಿಗೆ ಬಂದಾಗ ಅಕ್ಕು ಹೊಸ್ತಿಲ ಹೊರಗೆ ಮೊಣಕಾಲೂರಿ ಕೂತು ಒಳಗೆ ಕೈ ಚಾಚಿದ್ದಳು. ಅವಳ ಕಣ್ಣಲ್ಲಿ ನೀರು.

“ಕೈಯಿಂದ ಜಾರಿ ಓಡಿದ್ಲು ಅಕ್ಕಾ. ಕರೆದ್ರೆ ಬರುದಿಲ್ಲ. ನಾನು ಒಳಗೆ ಹೋದ್ರೆ ನನ್ನ ಭಾರ…”

ಅಡುಗೆಮನೆಯ ನಡುವೆ, ಆ ದುಂಡು ಗುರುತಿನ ಒಳಗೆ, ಕಿನ್ನಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕೈಯಲ್ಲಿ ಮರದ ಸೌಟು. ಅಕ್ಕು ಒನಕೆಯಿಂದ ಮಾಡಿದ್ದನ್ನು ನೋಡಿ, ತಾನೂ ಹಾಗೆಯೇ ನೆಲಕ್ಕೆ ಬಡಿಯುತ್ತಿದ್ದಳು. ಅದರಿಂದ ಬಂದ ಧಂ ಸದ್ದಿಗೆ ಖುಷಿಪಟ್ಟು ಇನ್ನಷ್ಟು ಬಡಿಯುತ್ತಿದ್ದಳು.

ನನ್ನ ಮಣ್ಣು ಮೆತ್ತಿದ ಮೈ ನೋಡಿ ನಮ್ಮವರು ಜಗಲಿಯಿಂದ ಓಡಿಬಂದರು. ಹಿಂದೆಯೇ ಮುದ್ದಣ್ಣನವರು. “ಎಂತ ಆಯ್ತು? ಮಗು ಎಲ್ಲಿ?” ಎನ್ನುತ್ತ ನಮ್ಮವರು ಒಳಗೆ ಕಾಲಿಡಲು ಹೊರಟರು.

“ನಡುವಿಗೆ ಹೋಗ್ಬೇಡಿ!” ಮುದ್ದಣ್ಣನವರು ಅವರ ಭುಜ ಹಿಡಿದು ಹಿಂದಕ್ಕೆ ಎಳೆದರು. “ಗೋಡೆ ಬದಿಯಿಂದ! ಮಾರಾಯ್ರೇ, ಗೋಡೆ ಬದಿಯಿಂದ!”

ನಾವೆಲ್ಲ ಅವರ ಮುಖ ನೋಡಿದೆವು. ಅವರಿಗೂ ತಾವು ಹೇಳಿದ್ದು ಆಗಲೇ ಕೇಳಿಸಿತೋ ಏನೋ. ಕೈ ಸಡಿಲವಾಯಿತು.

ಅದಕ್ಕೆ ಆಗ ಸಮಯವಿರಲಿಲ್ಲ. ನಾನು ಹೊಸ್ತಿಲ ಹೊರಗೆ ಕೂತೆ. ಮಗುವಿಗೆ ಹೆದರಿಕೆಯಾದರೆ ಎದ್ದು ನೇರ ನನ್ನತ್ತ ಓಡಿಬರುತ್ತಾಳೆ. ದನಿಯನ್ನು ಊಟಕ್ಕೆ ಕರೆಯುವ ದನಿಯಷ್ಟು ಮೆತ್ತಗೆ ಮಾಡಿದೆ.

“ಕಿನ್ನೀ, ಬೆಕ್ಕು ಹಾಲು ಕದಿಯುದು ಹೇಗೆ ಮಗಾ?”

“ಮೆಲ್ಲ,” ಎಂದಳು ಬಡಿಯುವುದನ್ನು ನಿಲ್ಲಿಸಿ.

“ಗೆಜ್ಜೆ ಸದ್ದು ಆಗ್ತದಾ ಬೆಕ್ಕಿಗೆ?”

“ಇಲ್ಲ.”

“ಹಾಗಾದ್ರೆ ನನ್ನ ಬೆಕ್ಕು ನಾಲ್ಕು ಕಾಲಲ್ಲಿ ಮೆಲ್ಲ ಗೋಡೆ ಹತ್ರ ಹೋಗ್ಲಿ ನೋಡುವ. ಅಲ್ಲಿ, ಮಣೆ ಉಂಟಲ್ಲ, ಅಲ್ಲಿಗೆ. ಈ ಮನೆಯ ಅಜ್ಜಿಗೆ ಗೊತ್ತಾಗ್ಬಾರ್ದು.”

ಅವಳು ಸೌಟು ಕೆಳಗಿಟ್ಟು ನಾಲ್ಕು ಕಾಲಲ್ಲಿ ಹೊರಟಳು. ಒಂದು ಕೈ, ಒಂದು ಮೊಣಕಾಲು. ಉಸಿರು ಬಿಡದೆ ನೋಡಿದೆವು. ಅರ್ಧ ದಾರಿಗೆ ಬಂದು ನಿಂತಳು. “ಸೌಟು ಬಿಟ್ಟೆ,” ಎಂದು ಹಿಂದೆ ತಿರುಗಿದಳು.

“ಬೆಕ್ಕಿಗೆ ಸೌಟು ಬೇಡ ಮಗಾ,” ಎಂದೆ. “ಬೆಕ್ಕು ನಾಲಿಗೆಯಲ್ಲೇ ಕುಡೀತದೆ.”

ಸ್ವಲ್ಪ ಯೋಚಿಸಿದಳು. ಒಪ್ಪಿಗೆಯಾಯಿತು. ಗೋಡೆಯ ಬುಡಕ್ಕೆ ಬಂದಳು, ಗೋಡೆಗುಂಟ ಬಂದಳು, ಹೊಸ್ತಿಲಿಗೆ ಬಂದು ಮಿಯಾಂವ್ ಎಂದಳು. ಅವಳನ್ನು ಎಳೆದು ಎದೆಗೆ ಒತ್ತಿಕೊಂಡೆ. ಅಂಗಳದ ತುದಿಯವರೆಗೆ ಹೋಗಿ ಕಟ್ಟೆಯ ಮೇಲೆ ಕೂತ ಮೇಲೂ ಬಿಡಲಿಲ್ಲ. “ಅಮ್ಮಾ, ನೋಯ್ತದೆ,” ಎಂದು ಅವಳೇ ಹೇಳಬೇಕಾಯಿತು.

ನಮ್ಮವರು ಮುದ್ದಣ್ಣನವರ ಎದುರು ನಿಂತಿದ್ದರು. “ನಿಮಗೆ ಗೊತ್ತಿತ್ತು,” ಎಂದರು. ಅವರು ಹಾಗೆ ಮೆತ್ತಗೆ ಮಾತನಾಡಿದರೆ ಸಿಟ್ಟು ಬಹಳ ಬಂದಿದೆ ಎಂದರ್ಥ.

ಮುದ್ದಣ್ಣನವರು ನೆಲದ ಮೇಲೆಯೇ ಕೂತರು. “ಕೊರೆಯುವಾಗ ಗೊತ್ತಿರ್ಲಿಲ್ಲ,” ಎಂದರು. “ನೀರು ಸಿಕ್ಕಿದ ಮೇಲೆ ನೋಡ್ಲಿಕ್ಕೆ ಒಳಗೆ ಹೋದೆ. ಮೇಲೆ ಅಕ್ಕ ಕಡೀತಾ ಇದ್ರು. ಗರ ಗರ ಅಂತ ತಲೆ ಮೇಲೇ. ಅವತ್ತೇ ಕಲ್ಲು ಎತ್ತಿಸಿ ಹೊರಗೆ ಹಾಕಿದೆ.”

“ಹೇಳ್ಲಿಕ್ಕೆ ಆಗ್ಲಿಲ್ವಾ?”

“ಹೇಗೆ ಹೇಳುದು? ನೀರು ಮುಚ್ಚಿದ್ರೆ ಈ ಬೈಲಿಗೇ ನೀರಿಲ್ಲ. ಅಡುಗೆಮನೆ ಕೆಡವುವ ಅಂದ್ರೆ ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ಅಕ್ಕ ಆ ದಿನದಿಂದ ನಿದ್ದೆ ಮಾಡ್ಲಿಕ್ಕಿಲ್ಲ. ಹೇಗಾದ್ರೂ ಅವರನ್ನು ಇಲ್ಲಿಂದ ಕರ್ಕೊಂಡು ಹೋದ್ರೆ ಸಾಕು ಅಂತ…”

“ಅವರನ್ನು ಕರ್ಕೊಂಡು ಹೋಗಿ ಇವಳನ್ನು ಕೂರಿಸುದಾ?” ನಮ್ಮವರು ಕಿನ್ನಿಯತ್ತ ಕೈ ತೋರಿಸಿದರು.

ಬಚ್ಚಲಿನ ಪಕ್ಕದಿಂದ ಕಲ್ಲು ತಿರುಗುವ ಸದ್ದು ನಿಂತದ್ದು ಆಗ ನನ್ನ ಗಮನಕ್ಕೆ ಬಂತು. ಅಮ್ಮಣ್ಣಿಯಕ್ಕ ಬಂದು ನಿಂತಿದ್ದರು, ಎರಡೂ ಕೈಯಲ್ಲಿ ಕಡೆದ ಕಾಯಿ ಮೆತ್ತಿಕೊಂಡಿತ್ತು. ಅವರಿಗೆ ಎಲ್ಲ ಕೇಳಿಸಿತ್ತು.

“ಮುದ್ದಾ,” ಎಂದರು, “ತಲೆನೋವು ಅಂದದ್ದು ಇದಕ್ಕಾ?”

ಮುದ್ದಣ್ಣನವರು ತಲೆ ತಗ್ಗಿಸಿದರು.

“ನಾನು ದಿನಾ ಹೊತ್ತಾರೆ ಎದ್ದು ಆ ನೆಲದಲ್ಲಿ ನಿಲ್ತೇನೆ. ನೀನು ಗೋಡೆ ಬದಿಯಿಂದ ಹೋಗ್ತಿ. ನಾನು ನಡುವಿನಿಂದ ಹೋಗ್ತೇನೆ. ನೋಡ್ತಾ ಇದ್ದಿ ಅಲ್ವಾ ನೀನು? ದಿನಾ ನೋಡ್ತಾ ಇದ್ದಿ.”

ಅಮ್ಮಣ್ಣಿಯಕ್ಕ ಅಲ್ಲಿಯೇ ಕೂತರು. ಅಕ್ಕು ಹೋಗಿ ಅವರ ಬೆನ್ನು ಹಿಡಿದಳು. ಒಳಗೆ ಗಂಜಿ ಕುದಿಯುವ ಸದ್ದು ಕೇಳುತ್ತಿತ್ತು.

ಅಮ್ಮಣ್ಣಿಯಕ್ಕ ತಾವಾಗಿ ಎದ್ದರು. “ಅನ್ನ ತಳ ಹಿಡೀತದೆ,” ಎಂದು ಅಡುಗೆಮನೆಯತ್ತ ಹೊರಟರು. ಬೇಡ ಅಕ್ಕಾ ಎಂದು ಮುದ್ದಣ್ಣನವರು ಅಡ್ಡ ಬಂದರು. ಅವರ ಕೈಯನ್ನು ಸರಿಸಿ ಒಳಗೆ ಹೋದರು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು. ಜೀವಮಾನವಿಡೀ ನೇರ ನಡೆದ ನೆಲ ಅದು. ಆಮೇಲೆ ಎಡಕ್ಕೆ ಹೊರಳಿ, ಗೋಡೆಗೆ ಭುಜ ತಾಗಿಸಿ, ಒಂದೊಂದೇ ಹೆಜ್ಜೆ ಇಡುತ್ತ ಒಲೆಯ ಬಳಿ ಹೋಗಿ, ಬೆಂಕಿ ಎಳೆದು ನೀರು ಚಿಮುಕಿಸಿ ಆರಿಸಿದರು. ಬಿಸಿ ಮಡಕೆಯನ್ನು ಮಸಿಬಟ್ಟೆಯಲ್ಲಿ ಹಿಡಿದು ಹಾಗೆಯೇ ಗೋಡೆಗುಂಟ ಹೊರಗೆ ಬಂದರು. ಅವರ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

“ಸೋಮವಾರ ನಾನು ಹೆಬ್ಬೆಟ್ಟು ಒತ್ತುದಿಲ್ಲ,” ಎಂದು ತಮ್ಮನಿಗೆ ಹೇಳಿದರು. “ಇವರಿಗೂ ಇಲ್ಲ, ಇನ್ನು ಬರುವವರಿಗೂ ಇಲ್ಲ. ಮೊದಲು ಈ ಕೋಣೆ ಕೆಡವು. ಮಾಡು ಇಳಿಸು, ಹಂಚು ತೆಗೆ. ನೆಲ ಇರುವ ಕಡೆ ನನಗೊಂದು ಒಲೆ ಹಾಕಿ ಕೊಡು. ನೀರು ಇರಲಿ.”

ಪದ್ಧತಿ ಮುರಿಯಬಾರದೆಂದು ನಮ್ಮನ್ನು ಹಸಿದು ಹೋಗಲು ಬಿಡಲಿಲ್ಲ. ಅಂಗಳದ ಹಲಸಿನ ಮರದ ಕೆಳಗೆ ಬಾಳೆಲೆ ಹಾಸಿ ಗಂಜಿ ಬಡಿಸಿದರು, ಅಕ್ಕುವಿಗೂ ಬಡಿಸಿದರು. ನಾನು ಎರಡು ತುತ್ತಿಗಿಂತ ಹೆಚ್ಚು ಉಣ್ಣಲಾರದೆ ಹೋದೆ. ಕಿನ್ನಿ ಮಾತ್ರ ಉಪ್ಪಿನಕಾಯಿ ನೆಕ್ಕಿ ನೆಕ್ಕಿ ಎರಡು ಸಲ ಹಾಕಿಸಿಕೊಂಡಳು.

ಹಿಂದೆ ಬರುವಾಗ ಗುಡ್ಡದ ಮೇಲೆ ನಮ್ಮವರು ಕಿನ್ನಿಯನ್ನು ಹೆಗಲಲ್ಲಿ ಹೊತ್ತು ಮುಂದೆ ನಡೆಯುತ್ತಿದ್ದರು. ಇಳಿಜಾರು ಶುರುವಾಗುವಲ್ಲಿ ನಿಂತು ನನಗೆ ಕೈ ಕೊಟ್ಟರು.

“ಬೇರೆ ಮನೆ ನೋಡುವ,” ಎಂದರು. ಸ್ವಲ್ಪ ತಡೆದು, “ಮೊದಲು ನೀನು ನೋಡು. ಆಮೇಲೆ ನಾನು,” ಎಂದರು.

ಉಪ್ಪಳಕ್ಕೆ ತಲಪುವಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಬಾಗಿಲು ತೆಗೆದು ಒಳಗೆ ಹೋದೆ. ಒದ್ದೆ ಗೋಡೆಯ ಹಳೆಯ ವಾಸನೆ. ಖಾಲಿ ಚೀಲ ಗೂಟಕ್ಕೆ ಸಿಕ್ಕಿಸುವಷ್ಟರಲ್ಲಿ ಹೊಸ್ತಿಲ ಮೇಲಿಂದ ಕಿನ್ನಿ ಒಳಗಿನ ನೆಲಕ್ಕೆ ಧುಮುಕಿದಳು. ನಾನು ಚೀರಿಬಿಟ್ಟೆ. ಅವಳು ಹೆದರಿ ಅಲ್ಲಿಯೇ ನಿಂತಳು, ತುಟಿ ನಡುಗಿತು.

ಹತ್ತಿರ ಹೋಗಿ ಅವಳ ಮುಂದೆ ಕೂತು, ನೆಲಕ್ಕೆ ಕೈಯಿಟ್ಟೆ.

“ಬೈದದ್ದಲ್ಲ ಮಗಾ,” ಎಂದೆ. “ಇನ್ನೊಮ್ಮೆ ಹಾರು.”

ಅವಳು ನನ್ನ ಮುಖ ನೋಡಿದಳು. ಹೊಸ್ತಿಲು ಹತ್ತಿ ಮತ್ತೆ ಹಾರಿದಳು. ಸಣ್ಣ ಪಾದಗಳು ನೆಲಕ್ಕೆ ತಾಗಿ ಅಲ್ಲಿಗೇ ಸದ್ದು ಮುಗಿಯಿತು. ಕೆಳಗಿನಿಂದ ಏನೂ ಬರಲಿಲ್ಲ. ಅವಳು ಕೆಮ್ಮಿದಳು, ನಕ್ಕಳು.

“ಇನ್ನೊಮ್ಮೆ,” ಎಂದೆ.